ಓದುಗರ ಪ್ರಶ್ನೆಗೆ ಉತ್ತರ: ಎದುರಿಗೆ ಬಾರದವರ ಅರ್ಜಿ

ಸರ್ಕಾರಿ ಕೆಲಸದಲ್ಲಿ ಸೇವೆ ಎನ್ನುವುದು ಎಲ್ಲಿದೆ ಎಂದು ವಿಚಾರಿಸಿ ಈಚೆಗೆ ಬಂದ ಪತ್ರಗಳಲ್ಲಿ ಐದನ್ನು ಈ ಸಂಚಿಕೆಗೆ ಆರಿಸಿದ್ದೇನೆ. ಮೊದಲ ಪತ್ರ ಹೆಚ್ಚು ಜಾಗ ತೆಗೆದುಕೊಂಡಿದೆ. ಉಳಿದವರು ಮನ್ನಿಸಬೇಕು.

ಪ್ರಶ್ನೆ: ನಾನು ಗ್ರಾಮ ಆಡಳಿತ ಅಧಿಕಾರಿಯಾಗಿ ಹೊಸದಾಗಿ ಸೇರಿದ್ದೇನೆ. ಆದೇಶ ಪತ್ರ ಬಂದ ದಿನ ಊರಿನ ಹಿರಿಯರು 'ಜನರ ಸೇವೆ ಮಾಡೋ ಯೋಗ ಬಂತಲ್ಲಪ್ಪ' ಎಂದು ಹರಸಿದರು. ಆದರೆ ನನ್ನ ದಿನವೆಲ್ಲ ಮೊಬೈಲ್ ಆ್ಯಪ್‌ಗಳಿಗೆ ಮಾಹಿತಿ ತುಂಬುವುದರಲ್ಲಿ, ಸ್ಥಳಕ್ಕೆ ಹೋಗಿ ಸಾಕ್ಷಿಗಳ ಸಹಿಯೊಂದಿಗೆ ಮಹಜರು ಬರೆಯುವುದರಲ್ಲಿ, ವಂಶವೃಕ್ಷಕ್ಕೂ ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡುವ ಪೌತಿ ಖಾತೆಗೂ ವರದಿ ಕೊಡುವುದರಲ್ಲಿ ಕಳೆಯುತ್ತದೆ. ವಿಧಾನಸೌಧದ ಮೇಲೆ 'ಸರ್ಕಾರದ ಕೆಲಸ ದೇವರ ಕೆಲಸ' ಎಂದು ಬರೆದಿದೆ. ನನ್ನ ದಿನಚರಿಯಲ್ಲಿ ದೇವರೂ ಕಾಣುತ್ತಿಲ್ಲ, ಸೇವೆಯೂ ಕಾಣುತ್ತಿಲ್ಲ. ಅಧಿಕಾರಿಯಾಗಿ ಸೇವೆ ಸಲ್ಲಿಸುವುದು ಎಂದರೆ ನಿಜಕ್ಕೂ ಏನು?
— ಹೆಸರು ಬೇಡ ಎಂದವರು, ಹಾವೇರಿ ಜಿಲ್ಲೆ

ಉತ್ತರ: ಆ ಸಾಲನ್ನು ವಿಧಾನಸೌಧದ ಮೇಲೆ ಬರೆಸಿದವರು 1952ರಿಂದ 1956ರವರೆಗೆ ಮುಖ್ಯಮಂತ್ರಿಯಾಗಿದ್ದ ಕೆಂಗಲ್ ಹನುಮಂತಯ್ಯನವರು. ಅಷ್ಟು ದೊಡ್ಡ ಕಟ್ಟಡದ ಹಣೆಗೆ ಅದು ಒಪ್ಪುತ್ತದೆ. ಕಂದಾಯ ಇಲಾಖೆಯ ಮೇಜಿನ ಮೇಲೆ ಅದನ್ನು ಅಂಟಿಸಿಕೊಂಡವರನ್ನು ಕಂಡಾಗ ಮಾತ್ರ ನನಗೆ ಸ್ವಲ್ಪ ಅನುಮಾನವಾಗುತ್ತಿತ್ತು. ದೇವರು ಅರ್ಜಿ ಕೊಟ್ಟು ಸ್ವೀಕೃತಿ ಕೇಳುವವನಲ್ಲ, ಮೇಲ್ಮನವಿ ಹಾಕುವವನೂ ಅಲ್ಲ. ಅವನ ಕೆಲಸವೆಂದು ಹೇಳಿಕೊಂಡರೆ ಯಾರಿಗೂ ಲೆಕ್ಕ ಒಪ್ಪಿಸಬೇಕಾಗಿಲ್ಲ ಎಂಬ ನಿರಾಳತೆ ಮೆಲ್ಲನೆ ಬಂದುಬಿಡುತ್ತದೆ. ನೀವು ಲೆಕ್ಕ ಒಪ್ಪಿಸಬೇಕಾದವರು ಮನುಷ್ಯರು, ಅವರಲ್ಲೂ ಅನೇಕರು ನಿಮ್ಮ ಕಚೇರಿಗೆ ಎಂದೂ ಬರದವರು.

ನೀವು ಕೂತಿರುವ ಕುರ್ಚಿಯ ಹಿಂದಿನ ಕಥೆಯನ್ನು ಸ್ವಲ್ಪ ನೋಡಿ. ಹಳೆ ಮೈಸೂರಿನಲ್ಲಿ ಶಾನುಭೋಗರು, ನಿಮ್ಮ ಕಡೆ ಕುಲಕರ್ಣಿಯವರು ಹಳ್ಳಿಯ ಲೆಕ್ಕಪತ್ರಗಳನ್ನು ನೋಡಿಕೊಳ್ಳುತ್ತಿದ್ದ ಕಾಲದಲ್ಲಿ ಆ ಹುದ್ದೆ ತಂದೆಯಿಂದ ಮಗನಿಗೆ ಹೋಗುತ್ತಿತ್ತು, ಜಮೀನಿನ ದಾಖಲೆಗಳು ಸಾಮಾನ್ಯವಾಗಿ ಅವರ ಮನೆಯಲ್ಲೇ ಇರುತ್ತಿದ್ದವು. ಮುಂಬೈ ಪ್ರಾಂತದಲ್ಲಿ ಕುಲಕರ್ಣಿ ವತನಗಳು, ಅಂದರೆ ವಂಶಪಾರಂಪರ್ಯದ ಹುದ್ದೆಯ ಹಕ್ಕುಗಳು, 1950ರ ಕಾಯ್ದೆಯಿಂದ ಹೋದವು, ಅವರ ಜಾಗಕ್ಕೆ ತಲಾಟಿಗಳು ಬಂದರು. ನಿಮ್ಮನ್ನೂ ಹಳಬರು ಇಂದಿಗೂ ತಲಾಟಿ ಎಂದೇ ಕರೆಯುತ್ತಿರಬಹುದು. ಏಕೀಕರಣದ ನಂತರ ಬಂದ 1961ರ ಗ್ರಾಮಾಧಿಕಾರ ರದ್ದತಿ ಕಾಯ್ದೆ 1963ರ ಫೆಬ್ರುವರಿ 1ರಂದು ಜಾರಿಯಾಗಿ, ವಂಶಪಾರಂಪರ್ಯವಾಗಿ ಉಳಿದಿದ್ದ ಗ್ರಾಮಾಧಿಕಾರಗಳನ್ನೂ ಕೊನೆಗಾಣಿಸಿತು. ಶಾನುಭೋಗರೆಲ್ಲ ಕೆಟ್ಟವರಾಗಿದ್ದರು ಎಂದು ನಾನು ಹೇಳುತ್ತಿಲ್ಲ. ಅವರಲ್ಲಿ ಎಷ್ಟೋ ಮಂದಿಯ ಅಕ್ಷರದ ಶುದ್ಧಿ, ಲೆಕ್ಕದ ನಿಖರತೆ ಇಂದಿನ ಕಚೇರಿಗಳಲ್ಲಿ ಅಪರೂಪ. ಆದರೆ ಹುದ್ದೆ ಒಂದು ಮನೆತನದ ಆಸ್ತಿಯಾಗಿರುವಾಗ, ಆ ಮನೆಯೊಂದಿಗೆ ಮಾತು ಬಿಟ್ಟ ರೈತನಿಗೆ ತನ್ನ ಜಮೀನಿನ ಕಾಗದವೂ ದೂರವಾಗುತ್ತದೆ. ಸಂಬಳ ಪಡೆಯುವ, ವರ್ಗವಾಗಿ ಹೋಗುವ, ಆ ಊರಿನಲ್ಲಿ ಬಂಧುಬಳಗವಿಲ್ಲದ ಒಬ್ಬ ನೌಕರನನ್ನು ಆ ಜಾಗಕ್ಕೆ ತಂದದ್ದು ಇದಕ್ಕಾಗಿಯೇ. ಹುದ್ದೆ ಯಾರದೂ ಅಲ್ಲ ಎಂಬುದೇ ಅದನ್ನು ಸಾರ್ವಜನಿಕ ಹುದ್ದೆಯನ್ನಾಗಿ ಮಾಡಿದೆ.

ಎರಡನೆಯ ಬದಲಾವಣೆ 2000ದ ಸುಮಾರಿಗೆ ಭೂಮಿ ಯೋಜನೆಯೊಂದಿಗೆ ಬಂತು. ಗ್ರಾಮ ಲೆಕ್ಕಿಗರ (ನಿಮ್ಮ ಹುದ್ದೆಯ ಹಿಂದಿನ ಹೆಸರು) ಕೈಬರಹದ ಪಹಣಿ ಗಣಕಕ್ಕೆ ಹೋಯಿತು, ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ ಹದಿನೈದು ರೂಪಾಯಿ ಕೊಟ್ಟರೆ ಯಾರು ಬೇಕಾದರೂ ಪ್ರತಿ ಪಡೆಯುವಂತಾಯಿತು. ಅದಕ್ಕಿಂತ ಮುಖ್ಯವಾಗಿ, ಖಾತೆ ಬದಲಾವಣೆಯ ಅರ್ಜಿಗಳು ಬಂದ ಸರದಿಯಲ್ಲೇ ಮುಂದೆ ಸಾಗಬೇಕೆಂಬ ಕಟ್ಟುಪಾಡನ್ನು ತಂತ್ರಾಂಶದಲ್ಲೇ ಅಳವಡಿಸಿದರು. ಯಾರ ಅರ್ಜಿ ಮೊದಲು ಎಂಬುದನ್ನು ಈಗ ಯಂತ್ರ ನೋಡಿಕೊಳ್ಳುತ್ತದೆ. ಸ್ಥಳಕ್ಕೆ ಹೋಗಿ ವಿಚಾರಿಸಿ ನಿಜಾಂಶ ಬರೆಯುವ ಕೆಲಸ ನಿಮ್ಮ ಪಾಲಿಗೆ ಉಳಿದಿದೆ. ಸೇವೆ ಎಂಬುದು ಎಲ್ಲಾದರೂ ಇದ್ದರೆ ಅಲ್ಲೇ ಇದೆ ಎಂದು ನಾನು ನಂಬಿದ್ದೇನೆ.

ನೀವು ಬೇಸರದಿಂದ ಹೆಸರಿಸಿದ ವಂಶವೃಕ್ಷವನ್ನೇ ತೆಗೆದುಕೊಳ್ಳೋಣ. ತಂದೆ ತೀರಿಕೊಂಡಿದ್ದಾರೆ, ನಾಡಕಚೇರಿಯಲ್ಲಿ ಅರ್ಜಿ ಬಿದ್ದಿದೆ, ಗಂಡುಮಕ್ಕಳು ನೋಟರಿ ಮಾಡಿಸಿದ ಪ್ರಮಾಣಪತ್ರದೊಂದಿಗೆ ನಿಮ್ಮೆದುರು ನಿಂತಿದ್ದಾರೆ. ಪಕ್ಕದ ಮನೆಯವರು ಮಹಜರಿಗೆ ಸಹಿ ಹಾಕಲು ಸಿದ್ಧರಿದ್ದಾರೆ. ಮದುವೆಯಾಗಿ ಬೇರೆ ಊರಿಗೆ ಹೋದ ಇಬ್ಬರು ಹೆಣ್ಣುಮಕ್ಕಳ ಹೆಸರು ಮಾತ್ರ ಕಾಗದದಲ್ಲಿ ಇಲ್ಲ. ಕೇಳಿದರೆ, 'ಅವರಿಗೆ ಕೊಡೋದೆಲ್ಲ ಮದುವೇಲೇ ಕೊಟ್ಟಾಯ್ತು ಸಾಹೇಬ್ರೆ, ಅವರದೇನೂ ತಕರಾರಿಲ್ಲ' ಎಂಬ ಉತ್ತರ ಬರುತ್ತದೆ. ಆ ಹೊತ್ತಿಗೆ ನಿಮ್ಮ ಮುಂದಿರುವವರೆಲ್ಲರಿಗೂ ನೀವು ಬೇಗ ವರದಿ ಬರೆಯುವುದೇ ಬೇಕಾಗಿದೆ. ಬರೆದರೆ ಜನಸ್ನೇಹಿ ಅಧಿಕಾರಿ ಎನ್ನಿಸಿಕೊಳ್ಳುತ್ತೀರಿ, ಅಂದು ಯಾರೂ ದೂರು ಕೊಡುವುದಿಲ್ಲ. ಆದರೆ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಪಾಲು ಕೊಡುವ ತಿದ್ದುಪಡಿ ನಮ್ಮ ರಾಜ್ಯದಲ್ಲಿ 1994ರಲ್ಲೇ ಜಾರಿಗೆ ಬಂದಿದೆ, ಇಡೀ ದೇಶಕ್ಕೆ 2005ರಲ್ಲಿ ಬಂದಿದೆ, ತಂದೆ 2005ರಲ್ಲಿ ಬದುಕಿರಲಿ ಇಲ್ಲದಿರಲಿ ಮಗಳ ಹಕ್ಕು ಹುಟ್ಟಿನಿಂದಲೇ ಬರುತ್ತದೆ ಎಂದು ಸುಪ್ರೀಂ ಕೋರ್ಟ್ 2020ರ ಆಗಸ್ಟ್‌ನಲ್ಲಿ ಸ್ಪಷ್ಟಪಡಿಸಿದೆ. ಇಷ್ಟೆಲ್ಲ ಕಾನೂನು ದೆಹಲಿಯಿಂದ ಇಳಿದು ಬಂದು ಕೊನೆಗೆ ನಿಮ್ಮ ಒಂದು ಪುಟದ ವರದಿಯ ಮೇಲೆ ನಿಂತಿದೆ. ನೀವು ಬಿಟ್ಟ ಹೆಸರನ್ನು ಸೇರಿಸಲು ಆ ಹೆಣ್ಣುಮಗಳು ಮುಂದೆ ಸಿವಿಲ್ ನ್ಯಾಯಾಲಯದಲ್ಲಿ ದಾವೆ ಹೂಡಿ, ಅಣ್ಣತಮ್ಮಂದಿರನ್ನೂ ತವರನ್ನೂ ಎದುರು ಹಾಕಿಕೊಂಡು ವರ್ಷಗಟ್ಟಲೆ ಅಲೆಯಬೇಕು. ಅವಳಿಗೆ ನಿಜವಾಗಿಯೂ ಪಾಲು ಬೇಡವಾಗಿದ್ದರೆ ನೋಂದಾಯಿತ ಹಕ್ಕು ಬಿಡುಗಡೆ ಪತ್ರವಿದೆ. ಬೇಡ ಎನ್ನುವ ಅಧಿಕಾರ ಅವಳದು, ಅವಳ ಪರವಾಗಿ ಅದನ್ನು ಅಣ್ಣನೂ ಹೇಳುವಂತಿಲ್ಲ, ನೀವೂ ಹೇಳುವಂತಿಲ್ಲ.

ಇಲ್ಲಿ ಒಂದು ಕಷ್ಟವಿದೆ, ಅದನ್ನು ಮುಚ್ಚಿಡುವುದಿಲ್ಲ. 'ಹೆಣ್ಣುಮಕ್ಕಳೆಷ್ಟು, ಎಲ್ಲಿದ್ದಾರೆ' ಎಂದು ನೀವು ಕೇಳಿದ ಕ್ಷಣವೇ ಎದುರಿನವರ ಮನಸ್ಸಿನಲ್ಲಿ 'ಇವನಿಗೂ ಏನೋ ಬೇಕು' ಎಂಬ ಸಂಶಯ ಹುಟ್ಟುತ್ತದೆ. ಪ್ರಾಮಾಣಿಕನ ವಿಳಂಬವೂ ಲಂಚಕೋರನ ವಿಳಂಬವೂ ಹೊರಗಿನಿಂದ ನೋಡುವವರಿಗೆ ಒಂದೇ ಥರ ಕಾಣುತ್ತವೆ. ಎರಡನ್ನೂ ಬೇರೆ ಮಾಡಿ ತೋರಿಸಲು ನನಗೆ ತಿಳಿದಿರುವ ಒಂದೇ ದಾರಿಯೆಂದರೆ ತಡೆದ ಕಾರಣವನ್ನು ಅದೇ ದಿನ, ಅವರಿಗೆ ಅರ್ಥವಾಗುವ ಕನ್ನಡದಲ್ಲಿ, ಸಹಿ ಮತ್ತು ದಿನಾಂಕದೊಂದಿಗೆ ಬರೆದುಕೊಡುವುದು. ಲಂಚಕ್ಕಾಗಿ ಕಡತ ಹಿಡಿದಿಟ್ಟವನು ಕಾರಣವನ್ನು ಬರೆದುಕೊಡಲು ಸಾಮಾನ್ಯವಾಗಿ ಮುಂದೆ ಬರುವುದಿಲ್ಲ.

ಗೋಮಾಳದ ವಿಷಯವೂ ಹೀಗೆಯೇ. ನೂರು ಜಾನುವಾರುಗಳಿಗೆ ಹನ್ನೆರಡು ಹೆಕ್ಟೇರ್, ಅಂದರೆ ಸುಮಾರು ಮೂವತ್ತು ಎಕರೆ, ಹುಲ್ಲುಗಾವಲು ಬಿಡಬೇಕೆಂದು ಭೂಕಂದಾಯ ನಿಯಮಗಳು ಹೇಳುತ್ತವೆ. ಸಮುದಾಯ ಭವನಕ್ಕೋ ಸಂಘದ ಕಟ್ಟಡಕ್ಕೋ ಗೋಮಾಳದ ಜಮೀನು ಕೇಳಿ ಪ್ರಸ್ತಾವ ಬಂದಾಗ, ಊರಿನ ಮುಖಂಡರೆಲ್ಲ ನಿಮ್ಮ ಸುತ್ತ ಇರುತ್ತಾರೆ. ನಾಲ್ಕು ಕುರಿ ಮೇಯಿಸಿಕೊಂಡು ಬದುಕುವ ಭೂಹೀನ ಕುಟುಂಬದವರು ಆ ಹೊತ್ತಿನಲ್ಲಿ ಕುರಿಗಳ ಹಿಂದೆಯೇ ಇರುತ್ತಾರೆ. ವರದಿಯಲ್ಲಿ ಜಾನುವಾರುಗಳ ಸಂಖ್ಯೆಯನ್ನು ಸರಿಯಾಗಿ ಬರೆಯುವುದೇ ಅವರ ಪರವಾಗಿ ಆ ದಿನ ನಡೆಯಬಹುದಾದ ಏಕೈಕ ವಾದ. ಆ ಬಳಿಕವೂ ಮೇಲಿನವರು ಜಮೀನು ಮಂಜೂರು ಮಾಡಬಹುದು. ಆದರೆ ಗೊತ್ತಿದ್ದೇ ಮಾಡಬೇಕಾಗುತ್ತದೆ.

ಆ್ಯಪ್‌ಗಳ ಬಗ್ಗೆ ನೀವು ಬರೆದದ್ದನ್ನು ನಾನು ದೂರುವುದಿಲ್ಲ. 2024ರಲ್ಲೂ 2025ರ ಆರಂಭದಲ್ಲೂ ನಿಮ್ಮ ವೃಂದದವರು ಕೆಲಸದ ಒತ್ತಡ ಮತ್ತು ಮೂಲಸೌಕರ್ಯದ ಕೊರತೆಯ ವಿರುದ್ಧ ಮುಷ್ಕರ ಹೂಡಿದ್ದು ನ್ಯಾಯವಾಗಿಯೇ ಇತ್ತೆಂಬುದು ನನ್ನ ಅಭಿಪ್ರಾಯ. ಕುಳಿತುಕೊಳ್ಳಲು ಸರಿಯಾದ ಕಚೇರಿ ಕೊಡದೆ, ಸ್ವಂತ ಮೊಬೈಲಿನಲ್ಲಿ ಸರ್ಕಾರದ ಕೆಲಸ ಮಾಡಿಸಿಕೊಂಡು, ಸಾಲದ್ದಕ್ಕೆ ತ್ಯಾಗದ ಉಪದೇಶ ಮಾಡುವವರ ಮಾತಿಗೆ ಕಿವಿಗೊಡಬೇಡಿ. ಸಮಯ ಉಳಿಸಲು ಏನನ್ನಾದರೂ ಅವಸರದಲ್ಲಿ ಮುಗಿಸಲೇಬೇಕಾದರೆ, ಮಹಜರೊಂದನ್ನು ಬಿಟ್ಟು ಬೇರೆ ಯಾವುದನ್ನಾದರೂ ಮುಗಿಸಿ.

ಪ್ರಶ್ನೆ: ನಾನು ಪ್ರಥಮ ದರ್ಜೆ ಸಹಾಯಕಿ. ಮೇಲಧಿಕಾರಿಗಳು ನಿಯಮಕ್ಕೆ ಹೊಂದದ ಕೆಲಸಗಳನ್ನು ಫೋನಿನಲ್ಲಿ ಹೇಳಿ ಮಾಡಿಸುತ್ತಾರೆ. ಕಡತದ ಮೇಲೆ ಅವರ ಗುರುತೇ ಇರುವುದಿಲ್ಲ. ವಿಧೇಯತೆ ದೊಡ್ಡದೋ, ನಿಯಮ ದೊಡ್ಡದೋ?
— ಓದುಗರೊಬ್ಬರು, ತುಮಕೂರು

ಉತ್ತರ: ಎರಡರಲ್ಲಿ ಒಂದನ್ನು ಆರಿಸಬೇಕಾದ ಸಂದರ್ಭ ನೀವು ಅಂದುಕೊಂಡಷ್ಟು ಸಲ ಬರುವುದಿಲ್ಲ, ಏಕೆಂದರೆ ಹೆಚ್ಚಿನ ಮೌಖಿಕ ಸೂಚನೆಗಳು ಕಾಗದಕ್ಕೆ ಇಳಿಯುವ ಹೊತ್ತಿಗೆ ತಾವಾಗಿಯೇ ಕರಗಿಹೋಗುತ್ತವೆ. 'ತಾವು ಈ ದಿನ ದೂರವಾಣಿಯಲ್ಲಿ ನೀಡಿದ ಸೂಚನೆಯಂತೆ ಕಡತವನ್ನು ಮಂಡಿಸಿದೆ; ಚಾಲ್ತಿಯಲ್ಲಿರುವ ನಿಯಮದ ಪ್ರಕಾರ ಇದಕ್ಕೆ ಅವಕಾಶ ಕಂಡುಬರುವುದಿಲ್ಲ; ಆದೇಶ ಕೋರಿದೆ' ಎಂದು ವಿನಯದಿಂದಲೇ ಟಿಪ್ಪಣಿ ಬರೆಯಿರಿ. ಕಡತ 'ಚರ್ಚಿಸಿ' ಎಂಬ ಷರಾದೊಂದಿಗೆ ಹಿಂದಿರುಗಬಹುದು. ಚರ್ಚಿಸಿದ ಮೇಲೆ ಚರ್ಚೆಯಲ್ಲಿ ಏನಾಯಿತೆಂದು ಬರೆದು ಮತ್ತೆ ಮಂಡಿಸಿ.

ಇದು ಹಠಮಾರಿತನವಲ್ಲ. ಸಂಪುಟ ಕಾರ್ಯದರ್ಶಿಯಾಗಿದ್ದ ಟಿ.ಎಸ್.ಆರ್. ಸುಬ್ರಮಣಿಯನ್ ಮತ್ತಿತರ ನಿವೃತ್ತ ಅಧಿಕಾರಿಗಳು ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 2013ರ ಅಕ್ಟೋಬರ್ 31ರಂದು, ಅಧಿಕಾರಿಗಳು ಬಾಯಿಮಾತಿನ ಸೂಚನೆಗಳ ಮೇಲೆ ನಡೆಯಬಾರದು, ಅವನ್ನು ದಾಖಲಿಸಬೇಕು ಎಂದು ಹೇಳಿದೆ. ಬಾಯಿಮಾತಿನಲ್ಲಿ ಆಡಳಿತ ನಡೆದರೆ ಮಾಹಿತಿ ಹಕ್ಕು ಕಾಯ್ದೆಗೂ ಬೆಲೆ ಇರುವುದಿಲ್ಲ. ಕಡತದಲ್ಲಿ ಇಲ್ಲದ್ದನ್ನು ನಾಗರಿಕ ಕೇಳಿ ಪಡೆಯುವುದಾದರೂ ಹೇಗೆ? ಸಂವಿಧಾನದ 311ನೇ ವಿಧಿ, ವಿಚಾರಣೆ ನಡೆಸದೆ ನಿಮ್ಮನ್ನು ಸಾಮಾನ್ಯವಾಗಿ ವಜಾ ಮಾಡಬಾರದೆಂದು ರಕ್ಷಣೆ ಕೊಟ್ಟಿರುವುದೂ ಇಂಥ ಟಿಪ್ಪಣಿ ಬರೆಯುವ ಕೈ ನಡುಗದಿರಲಿ ಎಂದೇ. 1949ರ ಅಕ್ಟೋಬರಿನಲ್ಲಿ ಸಂವಿಧಾನ ಸಭೆಯಲ್ಲಿ ಸರ್ದಾರ್ ಪಟೇಲರು ಅಖಿಲ ಭಾರತ ಸೇವೆಗಳಿಗೆ ಭದ್ರತೆ ಬೇಕೆಂದು ವಾದಿಸಿದಾಗ, ಅಧಿಕಾರಿ ತನಗನ್ನಿಸಿದ್ದನ್ನು ಮುಲಾಜಿಲ್ಲದೆ ಹೇಳುವಂತಿರಬೇಕು ಎಂಬುದು ಅವರ ಮುಖ್ಯ ಕಾರಣಗಳಲ್ಲಿ ಒಂದಾಗಿತ್ತು. ದುರದೃಷ್ಟವೆಂದರೆ ಈ ಭದ್ರತೆಯನ್ನು ಬಾಯಿ ತೆರೆಯಲು ಬಳಸಿದವರಿಗಿಂತ ಕೆಲಸ ಮಾಡದಿರಲು ಬಳಸಿಕೊಂಡವರೇ ಹೆಚ್ಚು.

ವರ್ಗಾವಣೆಯಿಂದ ಮಾತ್ರ 311ನೇ ವಿಧಿ ನಿಮ್ಮನ್ನು ಕಾಪಾಡುವುದಿಲ್ಲ. ಕಾನೂನಿನ ಕಣ್ಣಿಗೆ ಅದು ಶಿಕ್ಷೆಯಲ್ಲ, ಶಾಲೆಗೆ ಹೋಗುವ ಮಕ್ಕಳಿರುವ ತಾಯಿಗೆ ಶಿಕ್ಷೆಯೇ. ಆ ಬೆಲೆಯನ್ನು ಪ್ರತಿಸಲವೂ ತೆರಿ ಎಂದು ನಾನು ಇಲ್ಲಿ ಕುಳಿತು ಹೇಳುವುದು ಸುಲಭ, ಆದ್ದರಿಂದ ಹೇಳುವುದಿಲ್ಲ. ಇನ್ನೊಂದು ಮಾತು ಮಾತ್ರ ಹೇಳುತ್ತೇನೆ: ನಿಮ್ಮ ಟಿಪ್ಪಣಿಯನ್ನು ಓದಿದ ಬಳಿಕವೂ ಮೇಲಧಿಕಾರಿ ನಿಮಗೆ ಒಪ್ಪಿಗೆಯಾಗದ, ಆದರೆ ಕಾನೂನುಬದ್ಧವಾದ ಆದೇಶವನ್ನು ಸಹಿ ಹಾಕಿ ಕೊಟ್ಟರೆ, ಅದನ್ನು ಪೂರ್ಣ ಮನಸ್ಸಿನಿಂದ ಜಾರಿ ಮಾಡುವುದು ನಿಮ್ಮ ಕರ್ತವ್ಯ. ಸರ್ಕಾರದ ನೀತಿ ನಿಮಗೆ ಹಿಡಿಸಬೇಕೆಂದು ಯಾರೂ ಬಯಸಿಲ್ಲ, ಮತ ಕೇಳಿ ಗೆದ್ದವರು ನೀವಲ್ಲವಲ್ಲ. ಆದೇಶ ಮೇಲ್ನೋಟಕ್ಕೇ ಕಾನೂನುಬಾಹಿರವಾಗಿದ್ದರೆ, ಅದು ಬರಹದಲ್ಲಿದ್ದರೂ ನಿಮ್ಮ ಸಹಿಗೆ ನೀವೇ ಹೊಣೆ.

ಪ್ರಶ್ನೆ: ಕೆಲವು ಅಧಿಕಾರಿಗಳು ಕಚೇರಿಗಳಿಗೆ ದಿಢೀರ್ ಭೇಟಿ ಕೊಟ್ಟು ನೌಕರರನ್ನು ತರಾಟೆಗೆ ತೆಗೆದುಕೊಳ್ಳುವ ರೀಲ್ಸ್‌ಗಳನ್ನು ನಾವು ಗೆಳೆಯರು ಮೆಚ್ಚಿಕೊಂಡು ನೋಡುತ್ತೇವೆ. ನಮ್ಮ ಮೇಷ್ಟ್ರು ಅದು ಸೇವೆಯಲ್ಲ ಎನ್ನುತ್ತಾರೆ.
— ಪದವಿ ವಿದ್ಯಾರ್ಥಿ, ಕಲಬುರಗಿ

ಉತ್ತರ: ನಾನು ನಿಮ್ಮ ಮೇಷ್ಟ್ರ ಪಕ್ಷ. ದಿಢೀರ್ ಭೇಟಿ ತಪ್ಪಲ್ಲ, ತಪಾಸಣೆ ಅಧಿಕಾರಿಯ ಕೆಲಸವೇ. ಆದರೆ ಬೈಸಿಕೊಂಡ ಗುಮಾಸ್ತನಿಗೂ ನೋಟಿಸು ಪಡೆಯುವ, ಸಮಜಾಯಿಷಿ ಹೇಳುವ ಹಕ್ಕಿದೆ, ಕ್ಯಾಮೆರಾದ ಮುಂದೆ ಅದು ಅವನಿಗೆ ಸಿಗುವುದಿಲ್ಲ. ಪಿಂಚಣಿ ಆದೇಶ ಕೈಗಿಟ್ಟು ಅಜ್ಜಿಯೊಬ್ಬರ ಕಣ್ಣೀರನ್ನು ಚಿತ್ರೀಕರಿಸುವುದಂತೂ ನನಗೆ ಸಹಿಸಲಾಗದು. ಆ ಹಣ ಅವರ ಹಕ್ಕು, ಕೊಟ್ಟವರ ಕೃಪೆಯಲ್ಲ. ಅರ್ಜಿ ಹಾಕುವುದು ಹೇಗೆ, ಯಾವ ದಾಖಲೆ ಬೇಕು ಎಂದು ತಿಳಿಸುವ ವಿಡಿಯೊಗಳನ್ನು ಮಾಡುವ ಅಧಿಕಾರಿಗಳೂ ಇದ್ದಾರೆ. ಅವುಗಳಿಗೆ ಲೈಕ್ ಕಡಿಮೆ, ಉಪಯೋಗ ಹೆಚ್ಚು.

ಪ್ರಶ್ನೆ: ಮಗಳು ಬೆಂಗಳೂರಿನ ಕಂಪನಿ ಕೆಲಸ ಬಿಟ್ಟು ಕೆಎಎಸ್ ಪರೀಕ್ಷೆಗೆ ಓದುತ್ತಿದ್ದಾಳೆ. ಸೇವೆಗಾಗಿ ಎನ್ನುತ್ತಾಳೆ. ನನಗೆ ಅದರಲ್ಲಿ ಭದ್ರತೆ ಮತ್ತು ಗೌರವದ ಆಸೆಯೂ ಕಾಣುತ್ತದೆ. ಮನಸ್ಸು ಹೀಗೆ ಬೆರೆತಿದ್ದರೆ ಅದು ಸೇವೆಯಾದೀತೇ?
— ನಿವೃತ್ತ ಶಿಕ್ಷಕರು, ಚಿಕ್ಕಮಗಳೂರು ಜಿಲ್ಲೆ

ಉತ್ತರ: ಮೇಷ್ಟ್ರೇ, ಬೆರೆತಿರದ ಮನಸ್ಸನ್ನು ನಾನು ಕಂಡಿಲ್ಲ. ಗೌರವದ ಆಸೆಯನ್ನು ಕೀಳಾಗಿ ಕಾಣುವುದಂತೂ ಸಲ್ಲದು. ಮೈಸೂರು ಸಂಸ್ಥಾನದಲ್ಲಿ ಸರ್ಕಾರಿ ಹುದ್ದೆಗಳು ಬಹುಪಾಲು ಒಂದೇ ಸಮುದಾಯದ ಕೈಯಲ್ಲಿದ್ದಾಗ, ನಾಲ್ವಡಿ ಕೃಷ್ಣರಾಜ ಒಡೆಯರು 1918ರಲ್ಲಿ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿ, 1921ರಲ್ಲಿ ಹಿಂದುಳಿದವರಿಗೆ ನೇಮಕಾತಿಯಲ್ಲಿ ಪಾಲು ಸಿಗುವಂತೆ ಆದೇಶ ಹೊರಡಿಸಿದರು. ದಿವಾನ್ ವಿಶ್ವೇಶ್ವರಯ್ಯನವರು ಈ ಯೋಚನೆಗೆ ಒಪ್ಪದೆ ಹುದ್ದೆಯಿಂದ ನಿರ್ಗಮಿಸಿದ್ದೂ ನಿಮಗೆ ತಿಳಿದ ಸಂಗತಿ. ಆಗ ಕೇಳಿದ್ದು ಕೇವಲ ಸಂಬಳವನ್ನಲ್ಲ, ನಮ್ಮವರೂ ಆ ಕುರ್ಚಿಯಲ್ಲಿ ಕೂರಲಿ ಎಂಬ ಗೌರವವನ್ನು. ಆ ಆಸೆಯಿಂದ ಸರ್ಕಾರಿ ಕಚೇರಿಗಳು ಹೆಚ್ಚು ಜನರಿಗೆ ತೆರೆದುಕೊಂಡವು.

ಮಾಸ್ತಿಯವರು ಮೈಸೂರು ಸಿವಿಲ್ ಸರ್ವಿಸ್‌ನಲ್ಲಿ ಜಿಲ್ಲಾಧಿಕಾರಿಯಾಗಿ ದುಡಿದು, ತಮಗೆ ಸಲ್ಲಬೇಕಾದ ಸ್ಥಾನ ಕಿರಿಯರಿಗೆ ಹೋದಾಗ ರಾಜೀನಾಮೆ ಕೊಟ್ಟು ಹೊರಬಂದರು. ಸ್ವಂತ ಮರ್ಯಾದೆಯ ಪ್ರಶ್ನೆ ಬಂದಾಗ ನೊಂದುಕೊಂಡರೆಂದು ಅದಕ್ಕೆ ಮೊದಲಿನ ಅವರ ಕೆಲಸ ಸೇವೆಯಲ್ಲ ಎನ್ನಲಾಗುತ್ತದೆಯೇ? ಮಗಳು ಏಕೆ ಸೇರುತ್ತಾಳೆ ಎಂಬ ಚಿಂತೆ ಬಿಡಿ. ಎಷ್ಟು ವರ್ಷ ಓದಬೇಕು ಎಂಬುದನ್ನು ಮಾತ್ರ ಇಬ್ಬರೂ ಕೂತು ಈಗಲೇ ಮಾತಾಡಿಕೊಳ್ಳಿ, ಪರೀಕ್ಷೆಗಳ ವೇಳಾಪಟ್ಟಿಯನ್ನು ನಂಬಿ ವಯಸ್ಸು ಕಳೆದುಕೊಂಡವರು ಬಹಳ ಮಂದಿ ಇದ್ದಾರೆ.

ಪ್ರಶ್ನೆ: ಸರ್ಕಾರಿ ಸೇವೆಯನ್ನು ಗಡುವಿನೊಳಗೆ ಕೊಡಬೇಕೆನ್ನುವ 'ಸಕಾಲ' ಯೋಜನೆಯಲ್ಲಿ ಹಾಕಿದ ಅರ್ಜಿಗೆ ಗಡುವಿನ ಕೊನೆಯ ದಿನ 'ಸೂಕ್ತ ದಾಖಲೆಗಳಿಲ್ಲದ ಕಾರಣ ತಿರಸ್ಕರಿಸಲಾಗಿದೆ' ಎಂಬ ಹಿಂಬರಹ ಬಂತು. ಯಾವ ದಾಖಲೆ ಎಂದು ಹೇಳಿಲ್ಲ. ಇದನ್ನೂ ಸೇವೆ ಎನ್ನಬೇಕೇ?
— ಓದುಗರು, ಶಿರಸಿ

ಉತ್ತರ: ಎನ್ನಬೇಕಾಗಿಲ್ಲ. 2011ರ ಕಾಯ್ದೆಯಂತೆ 2012ರ ಏಪ್ರಿಲ್‌ನಿಂದ ಜಾರಿಯಲ್ಲಿರುವ 'ಸಕಾಲ' ಯೋಜನೆಯಲ್ಲಿ, ತಡವಾದ ಪ್ರತಿ ದಿನಕ್ಕೆ ಇಪ್ಪತ್ತು ರೂಪಾಯಿಯಂತೆ ಗರಿಷ್ಠ ಐನೂರು ರೂಪಾಯಿವರೆಗೆ ಪರಿಹಾರ ಕೇಳುವ ಹಕ್ಕು ನಿಮಗಿದೆ. ಆ ಪರಿಹಾರ ಕೊಡುವುದನ್ನು ತಪ್ಪಿಸಿಕೊಳ್ಳಲು ಗಡುವಿನೊಳಗೆ ತಿರಸ್ಕರಿಸಿ ಕೈತೊಳೆದುಕೊಳ್ಳುವ ಚಾಳಿ ಕೆಲವರಿಗೆ ಅಂಟಿಕೊಂಡಿದೆ. ಕಾಯ್ದೆ ವೇಗವನ್ನು ಅಳೆಯುತ್ತದೆ, ಕಾರಣದ ಗುಣವನ್ನು ಅಳೆಯುವುದಿಲ್ಲ. ತಿರಸ್ಕಾರದ ವಿರುದ್ಧ ಮೂವತ್ತು ದಿನಗಳೊಳಗೆ ಸಕ್ಷಮ ಅಧಿಕಾರಿಗೆ ಮೇಲ್ಮನವಿ ಸಲ್ಲಿಸಬಹುದು. ಅದರಲ್ಲಿ 'ಯಾವ ದಾಖಲೆ, ಯಾವ ನಿಯಮದಡಿ ಬೇಕಿತ್ತು' ಎಂಬ ಒಂದೇ ಪ್ರಶ್ನೆಯನ್ನು ಮುಂದಿಡಿ, ಬೇರೆ ದೂರುಗಳನ್ನು ಬೆರೆಸಬೇಡಿ. ಸ್ವೀಕೃತಿ ಪತ್ರದ ಸಂಖ್ಯೆಯನ್ನೂ ಹಿಂಬರಹದ ಪ್ರತಿಯನ್ನೂ ಲಗತ್ತಿಸಿ. ಅದರ ಜೊತೆಗೇ, ಹತ್ತು ರೂಪಾಯಿ ಶುಲ್ಕ ಕಟ್ಟಿ, ನಿಮ್ಮ ಕಡತದ ಟಿಪ್ಪಣಿ ಹಾಳೆಯ ಪ್ರತಿಯನ್ನು ಮಾಹಿತಿ ಹಕ್ಕಿನಡಿ ಕೇಳಿ. ಅರ್ಜಿಯನ್ನು ತಿರಸ್ಕರಿಸಬೇಕೆಂದು ಮೊದಲು ಬರೆದವರು ಯಾರು, ಯಾವ ತಾರೀಖಿನಂದು ಬರೆದರು ಎಂಬುದು ಅದರಲ್ಲಿ ಗೊತ್ತಾಗುತ್ತದೆ.